ಅಜ್ಜಿಯ ಇಳಕಲ್ ಸೀರೆ, ಸಂಡೇ ಬಜಾರಿನ ಮೊಳೆ ಪೆಟ್ಟಿಗೆ: ಇವುಗಳಿಂದ ಏನು ಮಾಡಬಹುದು?

ಪ್ರಶ್ನೆ: ಬೀಳಗಿಯ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಬೀಳಗಿಯಲ್ಲಿರುವ ನಮ್ಮ ಹಳೆಯ ಮನೆಯನ್ನು ಖಾಲಿ ಮಾಡುವಾಗ ಅಜ್ಜಿಯ ಟ್ರಂಕು ನನ್ನ ಪಾಲಿಗೆ ಬಂತು. ಅದರಲ್ಲಿ ಒಂಬತ್ತು ಗಜದ ಎರಡು ಇಳಕಲ್ ಸೀರೆಗಳು, ಅಜ್ಜನ ನಾಲ್ಕು ಪಂಚೆಗಳು, ಕುಪ್ಪಸ ಹೊಲಿದು ಉಳಿದ ಗುಳೇದಗುಡ್ಡದ ಖಣದ ತುಂಡುಗಳು ಮತ್ತು ಮಡಿಕೆಯ ಗೆರೆಗಳುದ್ದಕ್ಕೂ ಸೀಳಿಹೋಗಿರುವ ಅಮ್ಮನ ಒಂದು ಮೈಸೂರು ರೇಷ್ಮೆ ಸೀರೆ ಇವೆ. ಇಳಕಲ್ ಸೀರೆಗಳ ಪೈಕಿ ಒಂದರ ಒಡಲು ಎಷ್ಟು ಸವೆದಿದೆ ಎಂದರೆ, ಬೆಳಕಿಗೆ ಹಿಡಿದರೆ ಆಚೆಗಿನ ಕೈ ಕಾಣುತ್ತದೆ. ಆದರೆ ಅದರ ದಡಿಯೂ ಕೆಂಪು ಸೆರಗೂ ಇನ್ನೂ ಗಟ್ಟಿಯಾಗಿವೆ. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಈ ಇಡೀ ಗಂಟಿಗೆ ಒಂದು ಮುಚ್ಚಳದ ಡಬ್ಬಿಯನ್ನು ಕೊಡಲು ಸಿದ್ಧಳಿದ್ದಳು. ನಾನು ಕೊಡಲಿಲ್ಲ. ಕೊಡದೆ ಇಟ್ಟುಕೊಂಡದ್ದನ್ನು ಏನು ಮಾಡಬೇಕೆಂಬುದೂ ತಿಳಿಯುತ್ತಿಲ್ಲ.

ಇದರ ಜೊತೆಗೆ, ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಆಸುಪಾಸಿನಲ್ಲಿ ಸೇರುವ ಸಂಡೇ ಬಜಾರಿನಲ್ಲಿ 350 ರೂಪಾಯಿ ಕೊಟ್ಟು ಮರದ ಒಂದು ಚಪ್ಪಟೆ ಪೆಟ್ಟಿಗೆಯನ್ನು ಕೊಂಡುಬಂದಿದ್ದೇನೆ. ಯಾವುದೋ ಹಳೆಯ ಮುದ್ರಣಾಲಯದ ಅಚ್ಚುಮೊಳೆಗಳನ್ನು (ಲೋಹದ ಅಕ್ಷರಗಳನ್ನು) ಇಡುತ್ತಿದ್ದ ಪೆಟ್ಟಿಗೆ ಅದು ಎಂದು ಮಾರುವವನು ಹೇಳಿದ. ಒಳಗೆ ದೊಡ್ಡವು, ಸಣ್ಣವು ಸೇರಿ ತೊಂಬತ್ತಕ್ಕೂ ಹೆಚ್ಚು ಗೂಡುಗಳಿವೆ. ಅದಕ್ಕೆ ಬಣ್ಣ ಹಚ್ಚಿ, ನನ್ನ ಆರು ವರ್ಷದ ಮಗಳ ಮಣಿಗಳನ್ನೂ ಗುಂಡಿಗಳನ್ನೂ ಹಾಕಿಡಲು ಕೊಡಬೇಕೆಂದಿದ್ದೇನೆ.

ನನಗೆ ಹೊಲಿಗೆ ಅಲ್ಪಸ್ವಲ್ಪ ಬರುತ್ತದೆ, ಯಂತ್ರವಿಲ್ಲ, ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವ ಮನಸ್ಸೂ ಇಲ್ಲ. ಮೂರು ವಾರ ಫೋನಿನಲ್ಲಿ ಚಿತ್ರಗಳನ್ನು ನೋಡಿದೆ. ಎಲ್ಲರ ಮನೆಯ ಹಳೆಯ ಸೀರೆಯೂ ಕೊನೆಗೆ ಅದೇ ದಿಂಬಿನ ಚೀಲವಾಗಿ, ಅದೇ ಗೋಡೆಯ ತೋರಣವಾಗಿ ಮುಗಿಯುವುದನ್ನು ಕಂಡು ಬೇಸರವಾಯಿತು. ನೀವು ಹಳೆಯ ವಸ್ತುವೊಂದನ್ನು ಕೈಗೆತ್ತಿಕೊಂಡಾಗ ಇದರಿಂದ ಇಂಥದ್ದನ್ನು ಮಾಡಬಹುದು ಎಂಬ ಕಲ್ಪನೆ ಎಲ್ಲಿಂದ ಬರುತ್ತದೆ?

ಉತ್ತರ 1: ಧಾರವಾಡದ ಸೂಜಿ

ಫೋನನ್ನು ಪಕ್ಕಕ್ಕಿಟ್ಟು, ಆ ಸವೆದ ಸೀರೆಯನ್ನು ಹಗಲು ಬೆಳಕಿನಲ್ಲಿ ನೆಲದ ಮೇಲೆ ಪೂರ್ತಿಯಾಗಿ ಹಾಸಿರಿ. ಎಲ್ಲಿ ಸವೆದಿದೆ, ಎಲ್ಲಿ ಉಳಿದಿದೆ ಎಂಬುದನ್ನು ಸೀಮೆಸುಣ್ಣದಿಂದ ಗುರುತು ಮಾಡಿರಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ; ನೇಕಾರರು ಎರಡನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಸೇರಿಸಿರುತ್ತಾರೆ. ನಿಮ್ಮ ಸೀರೆಯ ಒಡಲು ಹತ್ತಿಯದಾಗಿ ಸೆರಗು ರೇಷ್ಮೆಯದಾಗಿದ್ದರೆ, ಒಂದು ಸವೆದು ಇನ್ನೊಂದು ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ಆ ಕುಣಿಕೆಯ ಸಾಲನ್ನು ಮಾತ್ರ ದಯವಿಟ್ಟು ಕತ್ತರಿಸಬೇಡಿ, ಅದು ಬಿಚ್ಚಿಕೊಂಡರೆ ಸೆರಗಿನ ಅಂಚೇ ಎಳೆಯೆಳೆಯಾಗಿ ಉದುರುತ್ತದೆ. ಅದರಿಂದ ನಾಲ್ಕು ಬೆರಳು ಒಳಗೆ, ಒಡಲಿನ ಕಡೆ ಕತ್ತರಿ ಹಾಕಿರಿ.

ನಿಮ್ಮ ಗಂಟಿನಲ್ಲಿರುವುದು ಒಂದು ಕೌದಿಗೆ, ಅಂದರೆ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿದ ಹೊದಿಕೆಗೆ, ಬೇಕಾದ ಸಾಮಾನು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಲೆಕ್ಕ ನೋಡಿ. ಒಂಬತ್ತು ಗಜವೆಂದರೆ 27 ಅಡಿ. ಸೆರಗಿಗೆಂದು ಮೂರು ಅಡಿ ಬಿಟ್ಟರೆ 24 ಅಡಿ ಉಳಿಯುತ್ತದೆ. ಅದನ್ನು ಆರು ಅಡಿಯ ನಾಲ್ಕು ತುಂಡು ಮಾಡಿದರೆ, ಸೀರೆಯ ಪನ್ನ (ಅಗಲ) ಸುಮಾರು ನಾಲ್ಕು ಅಡಿ ಇರುವುದರಿಂದ, ಮಗುವಿನ ಹಾಸಿಗೆಗೆ ಎಲ್ಲಿಯೂ ಜೋಡಣೆಯಿಲ್ಲದ ಪದರಗಳು ಸಿಗುತ್ತವೆ. ನಾಲ್ಕು ಗಜದ ಪಂಚೆಯೊಂದನ್ನು ನಡುವೆ ಮಡಿಚಿದರೆ ಅದೇ ಆರಡಿಯ ಎರಡು ಪದರವಾಗುತ್ತದೆ. ಪಂಚೆ ಕೆಳಗಿರಲಿ, ಜಾಳಾದ ಸೀರೆಯ ಎರಡು ತುಂಡು ನಡುವೆ ಹೋಗಲಿ, ಖಣವೂ ದಡಿಯೂ ಮೇಲೆ ಬರಲಿ. ಕೌದಿಯಲ್ಲಿ ಬಲಹೀನ ಬಟ್ಟೆಗೆ ನಡುವಿನ ಜಾಗ. ಅಲ್ಲಿ ಅದನ್ನು ಯಾರೂ ಎಳೆಯುವುದಿಲ್ಲ, ಮೃದುತನವನ್ನು ಮಾತ್ರ ಅದು ಕೊಡುತ್ತಿರುತ್ತದೆ. ಐದು ಪದರಕ್ಕಿಂತ ಹೆಚ್ಚು ಮಾಡಬೇಡಿ. ಕೈಸೂಜಿ ದಾಟುವುದಿಲ್ಲ, ಬೆರಳು ನೋಯುತ್ತದೆ.

ಹೊಲಿಯುವ ಮೊದಲು ಪ್ರತಿಯೊಂದನ್ನೂ ಬೇರೆ ಬೇರೆ ಒಗೆಯಬೇಕು. ಕೆಂಪು ಸೆರಗಿನ ಮೂಲೆಯನ್ನು ನೀರಿನಲ್ಲಿ ಅದ್ದಿ ಬಿಳಿಯ ಅರಿವೆಯ ಮೇಲೆ ಅರ್ಧ ಗಂಟೆ ಒತ್ತಿಡಿ. ಅರಿವೆಗೆ ಬಣ್ಣ ಹತ್ತಿದರೆ ಅದನ್ನು ಕೌದಿಗೆ ಹಾಕುವ ಯೋಚನೆ ಬಿಡಿ, ಇಲ್ಲವಾದರೆ ಮೊದಲ ಒಗೆತಕ್ಕೇ ಅಜ್ಜನ ಪಂಚೆ ಗುಲಾಬಿಯಾಗುತ್ತದೆ. (ನನ್ನ ಮೊದಲ ಕೌದಿ ಇಂದಿಗೂ ಗುಲಾಬಿಯಾಗಿಯೇ ಇದೆ.) ಪದರಗಳನ್ನು ಹಾಸಿ, ಮೂಲೆಗಳಿಗೆ ಕಲ್ಲೋ ಪುಸ್ತಕವೋ ಹೇರಿ, ಗೇಣಿಗೊಂದರಂತೆ ಉದ್ದ ಟಾಕು ಹಾಕಿ ಬಿಗಿಮಾಡಿ. ಆಮೇಲೆ ಅಂಚಿನಿಂದ ಆರಂಭಿಸಿ, ನಾಲ್ಕೂ ಬದಿಗೆ ಸುತ್ತುತ್ತಾ ಒಳಮುಖವಾಗಿ ಬನ್ನಿ. ಸಾಲಿನಿಂದ ಸಾಲಿಗೆ ಹೆಬ್ಬೆರಳಿನ ಅಗಲ ಇರಲಿ, ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಗಂಟು ಬೀಳುವುದಿಲ್ಲ. ದಾರ, ಸೂಜಿ, ಅಂಗುಸ್ತಾನ ಎಲ್ಲ ಸೇರಿದರೂ ನಿಮ್ಮ ಸಾವಿರ ರೂಪಾಯಿಯಲ್ಲಿ ಬಹುಪಾಲು ಉಳಿಯುತ್ತದೆ. ಸುತ್ತು ನಡುವಿಗೆ ಬಂದು ಮುಗಿಯುವಾಗ, ಕೌದಿ ಹಸಿದಿರಬಾರದೆಂದು ನಮ್ಮಜ್ಜಿ ಕೊನೆಯ ತೇಪೆಯ ಅಡಿಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಿದ್ದಳು. ನಾನು ಇರುವೆಗಳಿಗೆ ಹೆದರಿ ನಾಲ್ಕು ಕಾಳು ಜೋಳ ಇಡುತ್ತೇನೆ.

ಉತ್ತರ 2: ಕಂಪೋಸಿಟರನ ಮಗ

ಸೀರೆಯ ವಿಷಯ ನನಗೆ ತಿಳಿಯದು. ಪೆಟ್ಟಿಗೆಯ ಬಗ್ಗೆ ಹೇಳಲೇಬೇಕಾದ ಮಾತಿದೆ. ಅದನ್ನು ಮಗುವಿನ ಕೈಗೆ ಕೊಡಬೇಡಿ. ಅಚ್ಚುಮೊಳೆ ಎರಕವಾಗುತ್ತಿದ್ದುದು ಸೀಸ, ಆಂಟಿಮನಿ, ತವರಗಳ ಮಿಶ್ರಲೋಹದಿಂದ, ಅದರಲ್ಲಿ ಹೆಚ್ಚಿನ ಪಾಲು ಸೀಸದ್ದೇ. ಹತ್ತಾರು ವರ್ಷ ಮೊಳೆಗಳು ಒಂದಕ್ಕೊಂದು ಉಜ್ಜಿ ಉದುರಿದ ಪುಡಿ ಗೂಡುಗಳ ಮೂಲೆಯಲ್ಲಿ ಬೂದುಬಣ್ಣದ ಧೂಳಾಗಿ ಕೂತಿರುತ್ತದೆ. ಮಕ್ಕಳ ಮೈಗೆ ಸೀಸ ಸೇರುವುದು ಬಹುತೇಕ ಬಾಯಿಗೆ ಹೋಗುವ ಕೈಬೆರಳುಗಳಿಂದಲೇ.

ಸ್ವಚ್ಛ ಮಾಡುವಾಗ ಪೊರಕೆಯಿಂದ ಗುಡಿಸಬೇಡಿ, ಊದಬೇಡಿ, ಒಣ ಮರಳುಕಾಗದದಿಂದ ಉಜ್ಜಲೂಬೇಡಿ; ಮೂರರಿಂದಲೂ ಧೂಳು ಏಳುತ್ತದೆ. ಸೋಪುನೀರಿನಲ್ಲಿ ಅದ್ದಿದ ಅರಿವೆಯಿಂದ ಗೂಡುಗೂಡನ್ನೂ ಒರೆಸಿ, ಆ ಅರಿವೆಗಳನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಹೊರಗೆ ಕುಳಿತು, ಕೈಗವಸೂ ಮಾಸ್ಕೂ ಹಾಕಿಕೊಂಡು ಮಾಡುವ ಕೆಲಸವಿದು, ಮಗಳು ಶಾಲೆಗೆ ಹೋದ ಹೊತ್ತಿನಲ್ಲಿ ಮಾಡಿದರೆ ಒಳ್ಳೆಯದು. ಚೆನ್ನಾಗಿ ಒಣಗಿದ ಮೇಲೆ ಎರಡು ಕೈ ವಾರ್ನಿಷ್ ಬಳಿದು ಮುಚ್ಚಿದರೂ ಅದರಲ್ಲಿ ತಿನ್ನುವ ಪದಾರ್ಥವನ್ನಾಗಲಿ ಆಟಿಕೆಯನ್ನಾಗಲಿ ಇಡಬಾರದು. ನೀವು ಬಳಿಯಬೇಕೆಂದಿರುವ ಬಣ್ಣವೂ ಮನೆಯ ಮೂಲೆಯಲ್ಲಿ ಉಳಿದ ಹಳೆಯ ಡಬ್ಬಿಯದಾಗದಿರಲಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಹಳೆಯ ಬಾಗಿಲು ಕಿಟಕಿಗಳನ್ನು ಅಗ್ಗಕ್ಕೆ ತಂದು ಬಣ್ಣ ಕೆರೆಯುವವರೂ ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಹೆದರಿಸಿದ್ದಕ್ಕೆ ಕ್ಷಮೆಯಿರಲಿ. ನೀವು ಕೊಂಡಿರುವುದು ಬಹಳ ಚೆಂದದ ವಸ್ತು. ಗೂಡುಗಳು ಒಂದೇ ಅಳತೆಯಲ್ಲಿ ಏಕಿಲ್ಲ ಎಂದು ನೋಡಿದ್ದೀರಾ? ಹೆಚ್ಚು ಬಳಕೆಯಾಗುವ ಅಕ್ಷರಕ್ಕೆ ದೊಡ್ಡ ಗೂಡು, ಅದೂ ಕೈಗೆ ಹತ್ತಿರದಲ್ಲಿ. ಅಪರೂಪದ ಅಕ್ಷರಕ್ಕೆ ಸಣ್ಣದು, ದೂರದಲ್ಲಿ. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಎಂದು ನೂರಾರು ಮೊಳೆ ಬೇಕಾಗುತ್ತಿದ್ದುದರಿಂದ ಇಂಥ ಒಂದು ಪೆಟ್ಟಿಗೆ ಸಾಲುತ್ತಲೇ ಇರಲಿಲ್ಲ. ನಮ್ಮ ತಂದೆ ಕೆಳಗೆ ನೋಡದೆಯೇ ಮೊಳೆ ಎತ್ತುತ್ತಿದ್ದರು. ಆ ಗೂಡುಗಳ ವಿನ್ಯಾಸ ಕೆಲಸ ಮಾಡುವ ಕೈಯ ನಕ್ಷೆ. ಬಣ್ಣ ಬಳಿದು ಅದನ್ನು ಅಳಿಸುವುದು ನನಗಂತೂ ಇಷ್ಟವಿಲ್ಲ.

ಉತ್ತರ 3: ಯಲ್ಲಾಪುರದ ಮೇಷ್ಟ್ರಮ್ಮ

ಯಲ್ಲಾಪುರದ ಕಡೆ ಹನ್ನೆರಡು ವರ್ಷ ಶಿಕ್ಷಕಿಯಾಗಿದ್ದವಳು ನಾನು. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ, ಕೌದಿಯಂಥದೇ ಆದ ಕವಂದಿಯನ್ನು ನೀವು ನೋಡಿರದಿದ್ದರೆ ಒಮ್ಮೆ ನೋಡಬೇಕು. ಆಫ್ರಿಕಾದಿಂದ ಬಂದ ಪೂರ್ವಿಕರ ಈ ಸಮುದಾಯವನ್ನು ಕೇಂದ್ರ ಸರ್ಕಾರ 2003ರಲ್ಲಿ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಅವರ ಕವಂದಿಯೂ ಸುತ್ತಿನಿಂದ ನಡುವಿಗೇ ಬರುತ್ತದೆ. ಆದರೆ ಧಾರವಾಡದ ಅಕ್ಕ ಹೇಳಿದಂತೆ ಪದರವನ್ನೆಲ್ಲ ಮೊದಲೇ ಸಿದ್ಧಮಾಡಿಕೊಂಡು ಹೊಲಿಯುವುದಿಲ್ಲ. ತಳಕ್ಕೆ ಹಳೆಯ ಸೀರೆ ಹಾಸಿ, ಒಂದು ಮೂಲೆಯಿಂದ ಹೊರಟು, ತೇಪೆಯೊಂದನ್ನು ಇಟ್ಟು ಅದನ್ನು ಹೊಲಿಯುತ್ತಲೇ ಮುಂದಿನ ತೇಪೆಯನ್ನು ಆರಿಸಿಕೊಳ್ಳುತ್ತಾರೆ. ಕಾಗದದ ಮೇಲೆ ಬರೆದ ನಕ್ಷೆ ಇರುವುದಿಲ್ಲ, ಅಳತೆಪಟ್ಟಿಯೂ ಇರುವುದಿಲ್ಲ. ಪಕ್ಕದಲ್ಲಿರುವ ಚಿಂದಿಯ ರಾಶಿಗೆ ಕೈ ಹಾಕಿದಾಗ ಸಿಕ್ಕಿದ ಬಣ್ಣ ಹಿಂದಿನದರ ಪಕ್ಕದಲ್ಲಿ ಕೂಡುತ್ತದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಕೂಡದಿದ್ದರೆ ನಡುವೆ ಸಣ್ಣದೊಂದು ಚೌಕ ಬರುತ್ತದೆ. ಕೊನೆಗೆ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ಹೂವಿನಂತೆ ಹೊಲಿಯುತ್ತಾರೆ. ಅದಕ್ಕೆ ಫುಲ ಎನ್ನುತ್ತಾರೆ, ಫುಲವಿಲ್ಲದ ಕವಂದಿ ಬೆತ್ತಲೆ ಎಂಬ ಭಾವನೆ ಅವರಲ್ಲಿದೆ.

ಕಲ್ಪನೆ ಎಲ್ಲಿಂದ ಬರುತ್ತದೆ ಎಂದು ಕೇಳಿದ್ದೀರಲ್ಲ, ಅದಕ್ಕಾಗಿ ಇಷ್ಟು ಹೇಳಿದೆ. ನಾನು ಕಂಡಂತೆ ಅವರಲ್ಲಿ ಕಲ್ಪನೆಯೂ ಹೊಲಿಗೆಯೂ ಒಂದೇ ಹೊತ್ತಿನಲ್ಲಿ ನಡೆಯುತ್ತವೆ. ಮೊದಲು ಯೋಚಿಸಿ ಆಮೇಲೆ ಸೂಜಿ ಹಿಡಿಯುವ ನನ್ನಂಥವಳು ಹೊಲಿದ ಕವಂದಿ ಚದುರಂಗದ ಮಣೆಯಂತೆ ಕಂಡಿತು.

ಉತ್ತರ 4: ಚಿಕ್ಕಪೇಟೆ ಅಲೆಮಾರಿ

ಮೈಸೂರು ರೇಷ್ಮೆಯ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ಪಾತ್ರೆಯವಳಿಗೂ, ಹಳೆಯ ಜರಿ ಕೊಳ್ಳುತ್ತೇವೆಂದು ಕೂಗಿಕೊಂಡು ಬರುವವರಿಗೂ ಅವಸರದಲ್ಲಿ ಕೊಡಬೇಡಿ. ಅದು ಸರ್ಕಾರಿ ಕಾರ್ಖಾನೆಯ ಅಸಲಿ ಸೀರೆಯಾಗಿದ್ದರೆ ಜರಿಯಲ್ಲಿ ಬೆಳ್ಳಿಯಿದೆ, ಮೇಲೆ ಚಿನ್ನದ ತೆಳುಲೇಪವೂ ಇದೆ. ಮಾರುವುದೇ ಆದರೆ ಮೊದಲು ಪರಿಚಯದ ಅಕ್ಕಸಾಲಿಗನಿಗೆ ತೋರಿಸಿ. ಮಡಿಕೆಯಲ್ಲಿ ಸೀಳಿದ ರೇಷ್ಮೆಯನ್ನು ಹೊಲಿದು ಸರಿಮಾಡಲು ಹೋದರೆ ಹೊಲಿಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ, ಅದನ್ನು ಕೌದಿಯ ಮೇಲ್ಪದರಕ್ಕೂ ಬಳಸಬೇಡಿ.

ಇನ್ನೊಂದು ಮಾತು. ಇಳಕಲ್ ಸೀರೆಗೆ ಕತ್ತರಿ ಹಾಕಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹಳೆಯ ಕೈಮಗ್ಗದ ಸೀರೆ ಇಡಿಯಾಗಿ ಇರುವಾಗ ಅದೊಂದು ದಾಖಲೆ. ತುಂಡಾದ ಮೇಲೆ ಬರಿಯ ಬಟ್ಟೆ. ಗಟ್ಟಿಯಾಗಿರುವ ಎರಡನೆಯ ಸೀರೆಯನ್ನಾದರೂ ಹಾಗೆಯೇ ಉಳಿಸಿ, ಆರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ ಇಡಿ. ಅಮ್ಮನ ರೇಷ್ಮೆ ಸೀಳಿದ್ದು ಮಡಿಕೆ ಬದಲಿಸದೆ ಇಟ್ಟಿದ್ದರಿಂದಲೇ ಇರಬೇಕು.

ಧಾರವಾಡದ ಸೂಜಿ (ಮತ್ತೆ)

ಎರಡನೆಯ ಸೀರೆಯ ಬಗ್ಗೆ ನಿಮ್ಮ ಮಾತು ಸರಿ, ಅದನ್ನು ಅವರು ಉಡಲಿ. ಆದರೆ ಕೈ ಕಾಣುವಷ್ಟು ಜಾಳಾದ ಸೀರೆ ಟ್ರಂಕಿನಲ್ಲಿಯೇ ಪುಡಿಯಾಗುತ್ತದೆ. ಅದನ್ನು ಉಟ್ಟು ಸವೆಸಿದ ಅಜ್ಜಿಗೆ ಕತ್ತರಿಯ ಭಯವಿರಲಿಲ್ಲ; ಹಳತಾದ ಸೀರೆ ಕೌದಿಯಾಗುವುದು, ಕೌದಿ ಹರಿದರೆ ಒರೆಸುವ ಅರಿವೆಯಾಗುವುದು ನಮ್ಮ ಮನೆಗಳ ರೂಢಿ.

ಬೀಳಗಿಯ ಮೊಮ್ಮಗಳು (ಐದು ವಾರಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ಪೆಟ್ಟಿಗೆಯನ್ನು ಹೇಳಿದಂತೆಯೇ ಒರೆಸಿ, ವಾರ್ನಿಷ್ ಹಚ್ಚಿ, ಮಗಳ ಕೈಗೆ ಎಟುಕದಂತೆ ಗೋಡೆಯ ಮೇಲೆ ಎತ್ತರದಲ್ಲಿ ಖಾಲಿಯಾಗಿಯೇ ತೂಗುಹಾಕಿದ್ದೇನೆ. ಮಣಿಗಳಿಗೆ ಅಡುಗೆಮನೆಯ ಹಳೆಯ ಮಸಾಲೆ ಡಬ್ಬಿ ಸಿಕ್ಕಿತು. ರೇಷ್ಮೆ ಸೀರೆಯನ್ನು ಅಮ್ಮನೇ ವಾಪಸು ಕೇಳಿದ್ದರಿಂದ ಆ ಪ್ರಶ್ನೆ ಮುಗಿಯಿತು. ಗಟ್ಟಿ ಇಳಕಲ್ ಸೀರೆಯನ್ನು ಕಳೆದ ವಾರ ಒಂದು ಮದುವೆಗೆ ಉಟ್ಟೆ. ಒಂಬತ್ತು ಗಜ ಸುತ್ತಿಕೊಳ್ಳಲು ಫೋನಿನಲ್ಲಿ ಚಿಕ್ಕಮ್ಮನ ನೆರವು ಬೇಕಾಯಿತು.

ಕೌದಿಯ ಮೇಲ್ಪದರಕ್ಕೆ ತೇಪೆಗಳನ್ನು ಹೇಗೆ ಜೋಡಿಸಬೇಕೆಂದು ತೋಚದೆ ನಾಲ್ಕು ದಿನ ಖಣದ ತುಂಡುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದೆ. ಐದನೆಯ ದಿನ ತಲೆಯೆತ್ತಿದಾಗ ಎದುರಿಗೆ ಗೋಡೆಯ ಮೇಲಿನ ಪೆಟ್ಟಿಗೆ ಕಂಡಿತು. ಈಗ ಅದರ ಗೂಡುಗಳ ಲೆಕ್ಕದಲ್ಲಿಯೇ ಹೊಲಿಯುತ್ತಿದ್ದೇನೆ: ಹೆಚ್ಚು ಸಿಕ್ಕಿರುವ ಬಟ್ಟೆಗೆ ನಡುವಿನ ದೊಡ್ಡ ಗೂಡು, ಅಂಗೈಯಷ್ಟೇ ಉಳಿದಿರುವ ಹಸಿರು ಖಣಕ್ಕೆ ಮೂಲೆಯ ಸಣ್ಣ ಗೂಡು, ಗೂಡುಗಳ ನಡುವಿನ ಪಟ್ಟಿಗಳ ಜಾಗದಲ್ಲಿ ಇಳಕಲ್ಲಿನ ದಡಿ. ಕೆಂಪು ಸೆರಗು ಬಿಳಿಯ ಅರಿವೆಗೆ ಬಣ್ಣ ಬಿಟ್ಟಿತು, ಹಾಗಾಗಿ ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಒಂಬತ್ತು ಸುತ್ತು ಮುಗಿದಿದೆ. ಫೋಟೊ ಹಾಕಿದ್ದೇನೆ, ದಯವಿಟ್ಟು ನೋಡಿ ತಪ್ಪಿದ್ದರೆ ಹೇಳಿ.

ಧಾರವಾಡದ ಸೂಜಿ

ನೋಡಿದೆ. ದಡಿಯ ಪಟ್ಟಿಗಳು ಬಹಳ ಚೆನ್ನಾಗಿ ಕೂತಿವೆ. ಎಡಗಡೆಯ ಮೇಲಿನ ಮೂಲೆಯಲ್ಲಿ ಮಾತ್ರ ಕೆಳಪದರ ಸುಕ್ಕುಗಟ್ಟಿದೆ. ಟಾಕು ಸಡಿಲವಾಗಿದ್ದಾಗ ದಾರವನ್ನು ಜಗ್ಗಿದ್ದೀರಿ. ಏಳನೆಯ ಸುತ್ತಿನವರೆಗೆ ಬಿಚ್ಚಿ, ಪಂಚೆಯನ್ನು ಎಳೆದು ಸಪಾಟು ಮಾಡಿಕೊಂಡು ಮತ್ತೆ ಹೊಲಿಯಿರಿ. ಬಿಚ್ಚಿದ ದಾರವನ್ನು ಎಸೆಯಬೇಡಿ, ಮೂಲೆಯ ಹೂಗಳಿಗೆ ಸಾಕಾಗುತ್ತದೆ.