ಕೊಳಚೆ ನೀರಿನಲ್ಲಿ ಕೊರೊನಾ ತಳಿ ಹುಡುಕುವುದು ಹೇಗೆ? ಒಂದು ಪ್ರಶ್ನೋತ್ತರ

ಪ್ರಶ್ನೆ (ಬೆಂಗಳೂರಿನ ನಿವಾಸಿ): ನಮ್ಮ ಬಡಾವಣೆಯ ಪಕ್ಕದ ಕೊಳಚೆ ನೀರು ಸಂಸ್ಕರಣಾ ಘಟಕಕ್ಕೆ ವಾರಕ್ಕೊಮ್ಮೆ ಇಬ್ಬರು ಬರುತ್ತಾರೆ. ಒಳಬರುವ ನೀರನ್ನು ಬಾಟಲಿಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಒಯ್ಯುತ್ತಾರೆ. ಕೇಳಿದರೆ ಕೊರೊನಾ ತಳಿ ನೋಡಲು ಎಂದರು. ಆಸ್ಪತ್ರೆಗಳಲ್ಲಿ ಪರೀಕ್ಷೆ ಇರುವಾಗ ಚರಂಡಿ ನೀರನ್ನು ಏಕೆ ನೋಡಬೇಕು? ಗುಂಪಿನಲ್ಲಿ ಈ ಕೆಲಸ ಬಲ್ಲವರಿದ್ದರೆ ತಿಳಿಸಿ.

ಉತ್ತರ: ನಾನು ಮಾಡುವುದು ಇದೇ ಕೆಲಸ. ಆ ಐಸ್ ಪೆಟ್ಟಿಗೆಗಳು ಬಂದು ಸೇರುವಂಥ ಪ್ರಯೋಗಾಲಯದಲ್ಲಿದ್ದೇನೆ. ಒಂದು ಸೋಂಕು ಆಸ್ಪತ್ರೆಯ ಲೆಕ್ಕಕ್ಕೆ ಬರಬೇಕಾದರೆ ಆ ವ್ಯಕ್ತಿಗೆ ಜ್ವರ ಬರಬೇಕು, ಅವರು ವೈದ್ಯರ ಬಳಿ ಹೋಗಬೇಕು, ವೈದ್ಯರು ಪರೀಕ್ಷೆ ಬರೆದುಕೊಡಬೇಕು, ಅದಕ್ಕೆ ಹಣವೂ ಬಿಡುವೂ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ಸೋಂಕು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಆದರೆ ಸೋಂಕು ತಗುಲಿದವರಲ್ಲಿ ಅನೇಕರ ಮಲದಲ್ಲಿ ವೈರಸ್ಸಿನ ಆರ್‌ಎನ್‌ಎ (ಅದರ ಆನುವಂಶಿಕ ಬರಹ) ತುಣುಕುಗಳು ಹೊರಬೀಳುತ್ತವೆ, ಅವರಿಗೆ ಒಂದು ಸೀನು ಬರದಿದ್ದರೂ ಸಹ. ದಿನಗೂಲಿ ಬಿಟ್ಟು ಪರೀಕ್ಷೆಗೆ ಹೋಗಲಾರದ ಮನೆಯವರು, ಮನೆಯಲ್ಲೇ ಕಿಟ್ ತಂದು ನೋಡಿ ಸುಮ್ಮನಾದವರು, ಪರೀಕ್ಷೆಯೇ ಬೇಡವೆಂದವರು, ಎಲ್ಲರ ಸುದ್ದಿಯೂ ಒಂದೇ ಕೊಳವೆಯಲ್ಲಿ ಬರುತ್ತದೆ.

ಸಮಯವೂ ಸ್ವಲ್ಪ ಸಿಗುತ್ತದೆ. ನೆದರ್‌ಲ್ಯಾಂಡ್ಸ್‌ನ ಆಮರ್ಸ್‌ಫೋರ್ಟ್ ಎಂಬ ಊರಿನಲ್ಲಿ 2020ರ ಮಾರ್ಚ್ 5ರಂದು ತೆಗೆದ ಕೊಳಚೆ ಮಾದರಿಯಲ್ಲಿ ವೈರಸ್ ಸಿಕ್ಕಿತ್ತು. ಆ ಊರಿನ ಮೊದಲ ಪ್ರಕರಣಗಳು ವರದಿಯಾದದ್ದು ಅದಾದ ಆರು ದಿನಗಳ ಮೇಲೆ. ನಮ್ಮ ಬೆಂಗಳೂರಿನಲ್ಲೂ 2022ರ ಜನವರಿಯಿಂದ ಜೂನ್‌ವರೆಗೆ, ಒಮಿಕ್ರಾನ್ ಅಲೆಯ ಕಾಲದಲ್ಲಿ, 28 ಸಂಸ್ಕರಣಾ ಘಟಕಗಳಿಂದ 422 ಮಾದರಿ ತೆಗೆದು ವಿಶ್ಲೇಷಿಸಿದ ಅಧ್ಯಯನವೊಂದು ನಡೆದಿದೆ. ಆ ಘಟಕಗಳ ವ್ಯಾಪ್ತಿಯಲ್ಲಿದ್ದವರು ಸುಮಾರು 1.1 ಕೋಟಿ ಜನ. ಅಷ್ಟು ಜನರ ಮೂಗಿಗೆ ಕಡ್ಡಿ ಹಾಕಿ ವಾರ ವಾರ ಪರೀಕ್ಷೆ ಮಾಡಲು ಯಾವ ಸರ್ಕಾರದಿಂದಲೂ ಆಗದು.

ಪ್ರಶ್ನೆ (ಅವರೇ): ವೈರಸ್ ಇದೆ ಎಂದು ತಿಳಿಯುವುದು ಅರ್ಥವಾಯಿತು. ಲಕ್ಷಾಂತರ ಜನರದ್ದು ಬೆರೆತ ನೀರಿನಲ್ಲಿ ಯಾವ ತಳಿ ಎಷ್ಟಿದೆ ಎಂದು ಹೇಳುವುದು ಹೇಗೆ?

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ, ನನಗೆ ಬಹಳ ಪ್ರಿಯವಾದ ಭಾಗ ಇದು.

ಹತ್ತು ಬೇರೆ ಬೇರೆ ಪಂಚಾಂಗಗಳನ್ನು ತೆಗೆದುಕೊಂಡು, ಎಲ್ಲವನ್ನೂ ಚೂರುಚೂರಾಗಿ ಹರಿದು, ಒಂದೇ ಚೀಲಕ್ಕೆ ಹಾಕಿ ಕುಲುಕಿದ್ದಾರೆ ಎಂದುಕೊಳ್ಳಿ. ಬಹುಪಾಲು ಪುಟಗಳಲ್ಲಿ ಇರುವುದು ಒಂದೇ ವಿಷಯ. ಆದರೆ ಕೆಲವು ಏಕಾದಶಿಗಳು ಒಂದರಲ್ಲಿ ಈ ದಿನ, ಇನ್ನೊಂದರಲ್ಲಿ ಮರುದಿನ. ಪೂರ್ತಿ ಪುಸ್ತಕವನ್ನು ಮತ್ತೆ ಜೋಡಿಸಲು ಯಾರಿಗೂ ಸಾಧ್ಯವಿಲ್ಲ. ಹಾಗಿದ್ದರೂ ವ್ಯತ್ಯಾಸವಿರುವ ಆ ತಿಥಿಗಳ ಚೂರುಗಳನ್ನು ಮಾತ್ರ ಹೆಕ್ಕಿ ಎಣಿಸಿದರೆ, ಚೀಲದಲ್ಲಿ ಯಾವ ಪಂಚಾಂಗದ ಪಾಲು ಎಷ್ಟಿತ್ತು ಎಂದು ಅಂದಾಜು ಮಾಡಬಹುದು.

ಕೊರೊನಾ ವೈರಸ್ಸಿನ ಪುಸ್ತಕದಲ್ಲಿ, ಅಂದರೆ ಅದರ ಆರ್‌ಎನ್‌ಎಯಲ್ಲಿ, ಸುಮಾರು 30,000 ಅಕ್ಷರಗಳಿವೆ. ಚರಂಡಿಯಲ್ಲಿ ಅದು ಇಡಿಯಾಗಿ ಸಿಗುವುದಿಲ್ಲ. ಸಾಬೂನು, ಬ್ಲೀಚ್, ಬಿಸಿಲು, ಬ್ಯಾಕ್ಟೀರಿಯಾ, ಎಲ್ಲ ಸೇರಿ ಅದನ್ನು ಹರಿದಿರುತ್ತವೆ. ನಾವು ಮೊದಲು ಕಸಕಡ್ಡಿಯನ್ನು ಸೋಸಿ, ಪಾಲಿಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಮತ್ತು ಉಪ್ಪು ಸೇರಿಸಿ, ವೇಗವಾಗಿ ತಿರುಗಿಸಿ ವೈರಸ್ ಕಣಗಳು ತಳಕ್ಕೆ ಕೂರುವಂತೆ ಮಾಡುತ್ತೇವೆ. ಆ ಚಿಟಿಕೆ ಗಸಿಯಿಂದ ಆರ್‌ಎನ್‌ಎ ಬಿಡಿಸಿ, ಪಿಸಿಆರ್ ಯಂತ್ರದಲ್ಲಿ ಪ್ರಮಾಣ ಅಳೆಯುತ್ತೇವೆ. ಅದು ಸಾಕಷ್ಟಿದ್ದರೆ ಸಣ್ಣ ಸಣ್ಣ ತುಂಡುಗಳಾಗಿ ನಕಲು ಮಾಡಿ, ಅಕ್ಷರಗಳನ್ನು ಓದುವ ಯಂತ್ರಕ್ಕೆ ಕೊಡುತ್ತೇವೆ. ಪ್ರತಿಯೊಂದು ತಳಿಗೂ ತನ್ನದೇ ರೂಪಾಂತರಗಳ, ಅಂದರೆ ಅಕ್ಷರ ಬದಲಾವಣೆಗಳ, ಗುಂಪು ಇರುತ್ತದೆ. ಆ ಜಾಗಗಳಲ್ಲಿ ಯಾವ ಅಕ್ಷರ ಶೇಕಡಾ ಎಷ್ಟು ಬಂದಿದೆ ಎಂಬುದನ್ನು ನೋಡಿ, ತಳಿಗಳ ಪಾಲನ್ನು ಗಣಿತದಿಂದ ಬಿಡಿಸುತ್ತೇವೆ. ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ತಂತ್ರಾಂಶದ ಹೆಸರು ಫ್ರೇಯಾ. ಅದನ್ನು ರೂಪಿಸಿದ ತಂಡ ಅಮೆರಿಕದ ಸ್ಯಾನ್ ಡಿಯಾಗೊ ನಗರದ ಕೊಳಚೆಯಲ್ಲಿ ಹೊಸ ತಳಿಗಳನ್ನು ರೋಗಿಗಳ ಮಾದರಿಗಿಂತ 14 ದಿನಗಳವರೆಗೆ ಮುಂಚೆಯೇ ಕಂಡದ್ದನ್ನು 2022ರಲ್ಲಿ ಪ್ರಕಟಿಸಿತು.

ಒಂದು ಮಿತಿಯನ್ನೂ ಹೇಳಬೇಕು. ಪಂಚಾಂಗ ಯಾವುದು ಎಂದು ಮೊದಲೇ ಗೊತ್ತಿದ್ದರೆ ಮಾತ್ರ ಚೂರು ಗುರುತು ಸಿಗುತ್ತದೆ. ತಳಿಗಳ ಪಟ್ಟಿ ಸಿದ್ಧವಾಗುವುದು ರೋಗಿಗಳ ಮಾದರಿಗಳಿಂದ. ಅವು ನಿಂತುಹೋದರೆ ನಮ್ಮ ಓದು ಕೂಡ ಮಸುಕಾಗುತ್ತದೆ. ಆದ್ದರಿಂದ ಕೊಳಚೆ ಪರೀಕ್ಷೆ ಇದೆ, ಇನ್ನು ಆಸ್ಪತ್ರೆ ಮಾದರಿಗಳು ಬೇಡ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಪ್ರಶ್ನೆ (ಸಿವಿಲ್ ಎಂಜಿನಿಯರ್): ಮಳೆ ಬಂದ ದಿನ ರಾಜಕಾಲುವೆಯ ನೀರೆಲ್ಲ ಒಳಚರಂಡಿಗೆ ನುಗ್ಗುತ್ತದೆ. ಆಗ ಸೋಂಕು ಕಡಿಮೆಯಾದಂತೆ ಕಾಣುವುದಿಲ್ಲವೇ?

ಉತ್ತರ: ಕಾಣುತ್ತದೆ. ಅದನ್ನು ಸರಿದೂಗಿಸಲು ನಾವು ಮೆಣಸಿನಕಾಯಿಯ ಮೊರೆ ಹೋಗುತ್ತೇವೆ! ಮೆಣಸಿನ ಗಿಡಗಳಿಗೆ ತಗುಲುವ ಒಂದು ವೈರಸ್ ಇದೆ. ಮೆಣಸಿನಕಾಯಿ, ಖಾರದ ಪುಡಿ, ಸಾಸ್ ತಿಂದವರ ಹೊಟ್ಟೆಯ ಮೂಲಕ ಅದು ಯಾವ ತೊಂದರೆಯನ್ನೂ ಕೊಡದೆ ಹಾದು ಹೊರಬರುತ್ತದೆ. ಮನುಷ್ಯರ ಮಲದಲ್ಲಿ ಅತಿ ಹೆಚ್ಚು ಸಿಗುವ ಆರ್‌ಎನ್‌ಎ ವೈರಸ್‌ಗಳಲ್ಲಿ ಅದೂ ಒಂದು. ಮಳೆಗೆ ನೀರು ತೆಳುವಾದರೆ ಅದರ ಪ್ರಮಾಣವೂ ಇಳಿಯುತ್ತದೆ. ಹಾಗಾಗಿ ಕೊರೊನಾ ಪ್ರಮಾಣವನ್ನು ಅದರ ಪ್ರಮಾಣದಿಂದ ಭಾಗಿಸಿ ನೋಡಿದರೆ, ಇಳಿದದ್ದು ಸೋಂಕೋ ಬರೀ ಕೊಳಚೆಯ ಸಾಂದ್ರತೆಯೋ ಎಂಬುದು ತಿಳಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಇಲ್ಲದೆ ಸಾರು ಮಾಡದ ನಾಡಿನಲ್ಲಿ ಈ ಅಳತೆಗೋಲಿಗೆ ಕೊರತೆಯಿಲ್ಲ.

ಪ್ರಶ್ನೆ (ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ): ನಮ್ಮ ಸಮುಚ್ಚಯದಲ್ಲಿ 300 ಮನೆಗಳಿವೆ, ಸ್ವಂತ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ) ಇದೆ. ನಾವೇ ಪರೀಕ್ಷೆ ಮಾಡಿಸಿದರೆ ಯಾರ ಮನೆಯಲ್ಲಿ ಸೋಂಕು ಎಂದು ಗೊತ್ತಾಗುತ್ತದೆಯೇ?

ಉತ್ತರ: ಗೊತ್ತಾಗುವುದಿಲ್ಲ, ಗೊತ್ತಾಗಲೂಬಾರದು. ಸಂಸ್ಕರಣಾ ಘಟಕದ ಬಾಯಲ್ಲಿ ತೆಗೆದ ಮಾದರಿಯಲ್ಲಿ ವ್ಯಕ್ತಿ ಇರುವುದಿಲ್ಲ, ಊರು ಇರುತ್ತದೆ. ಆದರೆ ಕೊಳವೆಯಲ್ಲಿ ಮೇಲಕ್ಕೆ ಹೋದಷ್ಟೂ ಗುಂಪು ಸಣ್ಣದಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೊಳಚೆಯಲ್ಲಿ ಕಂಡ ವಿಚಿತ್ರ ರೂಪಾಂತರಗಳ ಜಾಡು ಹಿಡಿದು ಸಂಶೋಧಕರು ಮ್ಯಾನ್‌ಹೋಲ್‌ನಿಂದ ಮ್ಯಾನ್‌ಹೋಲ್‌ಗೆ ಹೋಗಿ, ಕೊನೆಗೆ ಸುಮಾರು 30 ಜನ ಕೆಲಸ ಮಾಡುವ ಒಂದೇ ಕಟ್ಟಡಕ್ಕೆ ಬಂದು ನಿಂತರು. ದೀರ್ಘಕಾಲದಿಂದ ಸೋಂಕು ಹೊತ್ತಿರುವ ಒಬ್ಬರು ಅಲ್ಲಿರಬಹುದು ಎಂಬುದು ಅವರ ಊಹೆ. ಆ ವ್ಯಕ್ತಿ ಯಾರೆಂಬುದು ಪತ್ತೆಯಾಗಲಿಲ್ಲ. ವಿಜ್ಞಾನದ ದೃಷ್ಟಿಯಿಂದ ಅದ್ಭುತ ಕೆಲಸ, ಆದರೆ ಅದನ್ನು ಓದಿದಾಗ ನನಗೆ ಭಯವೂ ಆಯಿತು. 2020ರಲ್ಲಿ ಮನೆಯ ಬಾಗಿಲಿಗೆ ಚೀಟಿ ಅಂಟಿಸಿ, ಬೀದಿಗೆ ತಗಡು ಹೊಡೆದ ದಿನಗಳನ್ನು ನಾವು ಮರೆತಿಲ್ಲ. ಇಡೀ ಸಮುಚ್ಚಯಕ್ಕೆ ಒಂದೇ ಮಾದರಿ ಸಾಕು. ಬ್ಲಾಕ್‌ವಾರು ಮಾಡಿಸಿ ಫಲಿತಾಂಶವನ್ನು ವಾಟ್ಸ್ಆ್ಯಪ್‌ಗೆ ಹಾಕಬೇಡಿ, ಇದು ನನ್ನ ಕಳಕಳಿಯ ಮನವಿ.

ಇನ್ನೊಂದು ಸಂಗತಿ. ನಿಮ್ಮ ಎಸ್‌ಟಿಪಿ ನೀರು ಅಲ್ಲೇ ಮರುಬಳಕೆಯಾಗುವುದಾದರೆ ಅದು ಜಲಮಂಡಳಿಯ ಘಟಕಕ್ಕೆ ಬರುವುದೇ ಇಲ್ಲ. ಅಂದರೆ ನಗರದ ಚಿತ್ರದಲ್ಲಿ ನಿಮ್ಮ 300 ಮನೆಗಳಿಲ್ಲ.

ಪ್ರಶ್ನೆ (ಕಾಲೇಜು ಉಪನ್ಯಾಸಕಿ): ಹಾಗಾದರೆ ನಮ್ಮ ತಾಲ್ಲೂಕು ಕೇಂದ್ರದ ಗತಿ? ಇಲ್ಲಿ ಒಳಚರಂಡಿಯೇ ಇಲ್ಲ, ಎಲ್ಲ ಮನೆಗಳಿಗೂ ಗುಂಡಿಗಳೇ.

ಉತ್ತರ: ನಿಮ್ಮ ಪ್ರಶ್ನೆ ನನ್ನ ನಿದ್ದೆ ಕೆಡಿಸುವ ಪ್ರಶ್ನೆ. ಎಲ್ಲರ ಸುದ್ದಿಯೂ ಒಂದೇ ಕೊಳವೆಯಲ್ಲಿ ಬರುತ್ತದೆ ಎಂದು ಮೇಲೆ ಬರೆದೆನಲ್ಲ, ಅದು ಕೊಳವೆಗೆ ಜೋಡಿಸಿಕೊಂಡವರಿಗೆ ಮಾತ್ರ ಸಲ್ಲುವ ಮಾತು. ದೊಡ್ಡ ನಗರಗಳಲ್ಲೂ ಹೀಗೆಯೇ. 2020ರಲ್ಲಿ ಹೈದರಾಬಾದಿನ ಸಿಸಿಎಂಬಿ ಮತ್ತು ಐಐಸಿಟಿ ಎಂಬ ಸಂಶೋಧನಾ ಸಂಸ್ಥೆಗಳು ಕೊಳಚೆ ಅಳೆದು, 35 ದಿನಗಳ ಅವಧಿಯಲ್ಲಿ ಸೋಂಕಿತರು ಮತ್ತು ಇತ್ತೀಚೆಗೆ ಗುಣವಾದವರು ಸೇರಿ ಸುಮಾರು 6.6 ಲಕ್ಷ ಜನರಿರಬಹುದೆಂದು ಅಂದಾಜಿಸಿದವು. ಆ ನಗರದಲ್ಲಿ ಬಳಕೆಯಾದ ನೀರಿನಲ್ಲಿ ಸುಮಾರು 40% ಮಾತ್ರ ಸಂಸ್ಕರಣಾ ಘಟಕಗಳಿಗೆ ತಲುಪುತ್ತಿತ್ತು. ಉಳಿದದ್ದನ್ನು ಲೆಕ್ಕ ಹಾಕಿ ತುಂಬಿಕೊಳ್ಳಬೇಕಾಯಿತು. ಹೀಗಾಗಿ ತಲೆ ಎಣಿಕೆಗಿಂತ ಏರಿಳಿತವನ್ನೂ ತಳಿಗಳ ಪಾಲನ್ನೂ ನಾನು ಹೆಚ್ಚು ನಂಬುತ್ತೇನೆ.

ಗುಂಡಿಗಳಿರುವ ಊರಿನಲ್ಲಿ ದಾರಿಯೇ ಇಲ್ಲ ಎಂದಲ್ಲ. ತೆರೆದ ಚರಂಡಿಗಳು ಸೇರುವ ಜಾಗದಲ್ಲಿ, ಗುಂಡಿ ಖಾಲಿ ಮಾಡುವ ಲಾರಿ ಸುರಿಯುವ ಜಾಗದಲ್ಲಿ ಮಾದರಿ ತೆಗೆಯಬಹುದು. ಬಸ್ ನಿಲ್ದಾಣದ ಶೌಚಾಲಯ ಇನ್ನೂ ಒಳ್ಳೆಯದು, ಸುತ್ತಲಿನ ಹಳ್ಳಿಗಳೆಲ್ಲ ಅಲ್ಲಿಗೆ ಬರುತ್ತವೆ. ಉಪಕರಣವೂ ದುಬಾರಿಯಾಗಬೇಕಿಲ್ಲ. ಹತ್ತಿಯ ಜಾಳು ಬಟ್ಟೆ (ಗಾಜ್) ಸುತ್ತಿ, ದಾರ ಕಟ್ಟಿ, ಒಂದೆರಡು ದಿನ ಹರಿಯುವ ಕೊಳಚೆಯಲ್ಲಿ ಇಳಿಬಿಟ್ಟು ತೆಗೆಯುವ ವಿಧಾನವಿದೆ. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಪ್ಯಾರಾಟೈಫಾಯಿಡ್ ಎಂಬ ಟೈಫಾಯಿಡ್‌ನಂಥ ಜ್ವರದ ಜಾಡು ಹಿಡಿಯಲು ಬಂದದ್ದು ಅದು, ಇಂದಿಗೂ ಕೆಲಸ ಮಾಡುತ್ತದೆ.

ಪ್ರಶ್ನೆ (ರೈತ, ಕೋಲಾರ ಜಿಲ್ಲೆ): ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತದೆ. ಅದರಿಂದ ಕೊರೊನಾ ಬರುತ್ತದೆಯೇ?

ಉತ್ತರ: ಆ ಚಿಂತೆ ಬೇಡ. ನಮಗೆ ಸಿಗುವುದು ಮುರಿದ ತುಣುಕುಗಳು. ಕೊರೊನಾ ಹರಡುವುದು ಉಸಿರಿನಿಂದ. ಆ ನೀರಿನ ಗುಣಮಟ್ಟದ ಬಗ್ಗೆ ನೀವು ಕೇಳಬೇಕಾದ ಬೇರೆ ಪ್ರಶ್ನೆಗಳಿವೆ, ಅವನ್ನು ಖಂಡಿತ ಕೇಳಿ.

ಪ್ರಶ್ನೆ (ನಿವೃತ್ತ ಆರೋಗ್ಯ ನಿರೀಕ್ಷಕ): ಈಗ ಕೋವಿಡ್ ಆರ್ಭಟ ಇಲ್ಲ. ಇದನ್ನು ಇನ್ನೂ ಮುಂದುವರಿಸುವುದು ದುಂದುವೆಚ್ಚ ಅನ್ನಿಸುವುದಿಲ್ಲವೇ?

ಉತ್ತರ: ಸರ್, ಪೋಲಿಯೊ ಹನಿ ಹಾಕಿಸಲು ನೀವೇ ಮನೆ ಮನೆ ತಿರುಗಿದವರು. ಮುಂಬೈಯ ಕೊಳಚೆಯಲ್ಲಿ ಪೋಲಿಯೊ ಹುಡುಕುವ ಕೆಲಸ 2001ರಲ್ಲೇ ಆರಂಭವಾಗಿತ್ತು. ನಮ್ಮ ದೇಶದ ಕೊನೆಯ ಕಾಡು ಪೋಲಿಯೊ (ಲಸಿಕೆಯಿಂದಲ್ಲದ, ಸಹಜವಾಗಿ ಹರಡುವ ವೈರಸ್) ಪ್ರಕರಣ 2011ರ ಜನವರಿಯದು. ಹಾಗೆಂದು ಕೊಳಚೆ ನೋಡುವುದನ್ನು ಯಾರೂ ನಿಲ್ಲಿಸಲಿಲ್ಲ. ಲಂಡನ್ನಿನ ಬೆಕ್ಟನ್ ಘಟಕದಲ್ಲಿ 2022ರ ಫೆಬ್ರುವರಿಯಿಂದ ಲಸಿಕೆ ಮೂಲದ ಪೋಲಿಯೊ ವೈರಸ್ ಮತ್ತೆ ಮತ್ತೆ ಸಿಕ್ಕಿತು. ಒಂದು ಮಗುವೂ ಪಾರ್ಶ್ವವಾಯುವಿಗೆ ತುತ್ತಾಗುವ ಮೊದಲೇ, ಆಗಸ್ಟ್‌ನಲ್ಲಿ, ಅಲ್ಲಿನ 1ರಿಂದ 9 ವರ್ಷದ ಎಲ್ಲ ಮಕ್ಕಳಿಗೂ ಹೆಚ್ಚುವರಿ ಲಸಿಕೆ ಕೊಡುವ ನಿರ್ಧಾರವಾಯಿತು. ಶಾಂತವಾದ ವಾರಗಳ ಅಂಕಿಗಳು ಕೈಯಲ್ಲಿ ಇಲ್ಲದಿದ್ದರೆ, ಏರಿಕೆ ಶುರುವಾದಾಗ ಅದನ್ನು ಏರಿಕೆ ಎಂದು ಗುರುತಿಸುವುದೇ ಕಷ್ಟ. ಹಣ ಬಂದಾಗ ಆರು ತಿಂಗಳು ಮಾಡಿ, ಅನುದಾನ ಮುಗಿದಾಗ ನಿಲ್ಲಿಸಿ, ಮುಂದಿನ ಅಲೆಗೆ ಮತ್ತೆ ಹೊಸಬರಿಗೆ ತರಬೇತಿ ಕೊಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನನಗೆ ದುಂದು ಅನ್ನಿಸುವುದು ಅದು.

ಪ್ರಶ್ನೆ (ಬೆಂಗಳೂರಿನ ನಿವಾಸಿ, ಮೊದಲು ಕೇಳಿದವರು): ಮುಂದಿನ ವಾರ ಅವರು ಬಂದಾಗ ನಾವು ಏನಾದರೂ ನೆರವು ನೀಡಬಹುದೇ?

ಉತ್ತರ: ನೀಡಬಹುದು. ಹಿಂದಿನ ದಿನ ಪಂಪ್ ಕೆಟ್ಟಿತ್ತೇ, ಹೊರಗಿನ ಟ್ಯಾಂಕರ್ ಬಂದು ನಿಮ್ಮ ಮ್ಯಾನ್‌ಹೋಲ್‌ಗೆ ಏನಾದರೂ ಸುರಿದು ಹೋಯಿತೇ, ರಾತ್ರಿ ಮಳೆ ಎಷ್ಟು ಹೊತ್ತು ಬಂತು, ಹಬ್ಬಕ್ಕೆಂದು ಅರ್ಧ ಬಡಾವಣೆ ಊರಿಗೆ ಹೋಗಿತ್ತೇ ಎಂಬುದನ್ನು ಹೇಳಿ. ಅವರು ಅದನ್ನು ಬಾಟಲಿಯ ಚೀಟಿಯ ಮೇಲೆ ಬರೆದುಕೊಳ್ಳುತ್ತಾರೆ. ಮೇಜಿನ ಮೇಲೆ ಒಂದು ಅಂಕಿ ಇದ್ದಕ್ಕಿದ್ದಂತೆ ಕುಸಿದಾಗ ನಾವು ಮೊದಲು ಹುಡುಕುವುದು ಆ ಚೀಟಿಯನ್ನೇ.