ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಎಡಕ್ಕೆ ಕುಸಿದಿರುತ್ತದೆ: ವಾರಂಟಿ ಇಲ್ಲ, ಎಲ್ಲವನ್ನೂ ಬದಲಿಸಲೇಬೇಕೇ?

ಎರಡನೇ ಮಾಲೀಕ

ಏಳು ವರ್ಷ ಹಳೆಯದಾದ, ಎರಡು ಟರ್ಬೊಗಳ ವಿ8 ಸೆಡಾನ್ ಕೊಂಡು ಐದು ತಿಂಗಳಾಯಿತು. ಓಡಿರುವುದು 82,000 ಕಿ.ಮೀ. ನಾಲ್ಕೂ ಚಕ್ರಗಳಿಗೆ ಏರ್ ಸಸ್ಪೆನ್ಷನ್ ಇದೆ, ಅಂದರೆ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು ಕಾರನ್ನು ಹೊರುತ್ತವೆ. ಕೊಳ್ಳುವಾಗ ಮಾರಿದವರು ವಿಸ್ತರಿತ ವಾರಂಟಿಯ ಪತ್ರವನ್ನೂ ಮುಂದಿಟ್ಟಿದ್ದರು. ಮೊತ್ತ ನೋಡಿ ಬೇಡವೆಂದೆ. ಆ ಧೈರ್ಯಕ್ಕೆ ಈಗ ಪರೀಕ್ಷೆ ಶುರುವಾಗಿದೆ.

ಹತ್ತು ದಿನಗಳಿಂದ ಬೆಳಿಗ್ಗೆ ಹೋಗಿ ನೋಡಿದರೆ ಮುಂದಿನ ಎಡ ಮೂಲೆ ಮಂಡಿಯೂರಿ ಕುಳಿತಿರುತ್ತದೆ. ಎಂಜಿನ್ ಚಾಲೂ ಮಾಡಿದೊಡನೆ ಗಾಳಿ ತುಂಬುವ ಕಂಪ್ರೆಸರ್ ಒಂದೂವರೆ ನಿಮಿಷ ಗುರುಗುಟ್ಟಿ ಅದನ್ನು ಮೇಲೆತ್ತುತ್ತದೆ. ಮೊದಲು ಅದರ ಸದ್ದೇ ಕೇಳಿಸುತ್ತಿರಲಿಲ್ಲ. ನಿನ್ನೆ ಹಳದಿ ಎಚ್ಚರಿಕೆಯೂ ಬಂತು. ವರ್ಕ್‌ಶಾಪಿಗೆ ಒಯ್ದರೆ ಮುಂದಿನ ಎರಡು ಸ್ಟ್ರಟ್ (ಗಾಳಿ ಚೀಲವಿರುವ ಕಂಬ), ಕಂಪ್ರೆಸರ್, ವಾಲ್ವ್ ಬ್ಲಾಕ್ (ಗಾಳಿಯನ್ನು ಬೇಕಾದ ಮೂಲೆಗೆ ಹಂಚುವ ಭಾಗ) ಎಲ್ಲವನ್ನೂ ಬದಲಿಸಬೇಕೆಂದು ಅಂದಾಜುಪಟ್ಟಿ ಕೊಟ್ಟರು. ಅದು ಕಾರಿಗೆ ನಾನು ಕೊಟ್ಟ ಹಣದ ಐದನೇ ಒಂದು ಭಾಗ. ಸೋರಿಕೆ ಎಲ್ಲಿದೆ ಎಂದು ಕೇಳಿದ್ದಕ್ಕೆ, "ಈ ಕಾರುಗಳಲ್ಲಿ ಇದೆಲ್ಲ ಒಟ್ಟಿಗೇ ಹೋಗುತ್ತದೆ" ಎಂಬ ಉತ್ತರ ಸಿಕ್ಕಿತು. ಕಾರನ್ನು ಎತ್ತಿಯೂ ನೋಡಲಿಲ್ಲ.

ಕಾರಿನ ದೋಷದ ಕೋಡ್‌ಗಳನ್ನು ಓದುವ, ನನ್ನ ಬಳಿಯ ಸಣ್ಣ ಓಬಿಡಿ ಸ್ಕ್ಯಾನರ್ ಹಾಕಿ ನೋಡಿದೆ. ಒಂದು ಕೋಡ್ ಕೂಡ ಇಲ್ಲ. ಎಲ್ಲವನ್ನೂ ಬದಲಿಸಲೇಬೇಕೇ? ಇನ್ನೊಂದು, ವಾರಂಟಿ ಇಲ್ಲದೆ ಇಂಥ ಕಾರನ್ನು ಇಟ್ಟುಕೊಂಡದ್ದೇ ಮೂರ್ಖತನವೇ?

ಅವಸರದ ಸವಾರ

ನನಗೂ ಹೀಗೇ ಆಗಿತ್ತು. ಎರಡು ವಾರ ಹುಡುಕಾಡಿ, ಕೊನೆಗೆ ಎರಡೂ ಸ್ಟ್ರಟ್ ಹಾಕಿಸಿದ ಮೇಲೆಯೇ ನೆಮ್ಮದಿ. ಏಳು ವರ್ಷದ ರಬ್ಬರಿನ ಮೇಲೆ ಏನು ನಂಬಿಕೆ? ಬದಲಿಸಿಬಿಡಿ.

ಹಳೇ ಪಿಸ್ಟನ್

ಸ್ವಲ್ಪ ತಡೆಯಿರಿ. ಒಂದು ಸೋರಿಕೆಗೆ ನಾಲ್ಕು ಬಿಡಿಭಾಗ ಹೇಳುವವರು ಸೋರಿಕೆಯನ್ನು ಹುಡುಕಿಲ್ಲ ಎಂದೇ ಅರ್ಥ.

ಮೊದಲು ಸ್ಕ್ಯಾನರ್ ವಿಷಯ. ಸಾಮಾನ್ಯ ಓಬಿಡಿ ಸಾಧನ ಓದುವುದು ಎಂಜಿನ್ ಮತ್ತು ಹೊಗೆಗೆ ಸಂಬಂಧಿಸಿದ 'ಪಿ' ಅಕ್ಷರದ ಕೋಡ್‌ಗಳನ್ನು. ಸಸ್ಪೆನ್ಷನ್ ದೋಷ 'ಸಿ' ಅಕ್ಷರದ ಗುಂಪಿಗೆ ಸೇರಿದ್ದು, ಬೇರೆ ನಿಯಂತ್ರಕದಲ್ಲಿ (ಕಾರಿನೊಳಗಿನ ಸಣ್ಣ ಕಂಪ್ಯೂಟರ್) ಕುಳಿತಿರುತ್ತದೆ. ನೀವು ತಟ್ಟಿದ್ದು ಪಕ್ಕದ ಮನೆಯ ಬಾಗಿಲು. ನಿಮ್ಮ ಕಾರಿನ ಎಲ್ಲ ನಿಯಂತ್ರಕಗಳನ್ನೂ ಓದಬಲ್ಲ ಸಾಧನವನ್ನು ಕೊಳ್ಳಿ. ವಾರಂಟಿ ಇಲ್ಲದವರಿಗೆ ಅದಕ್ಕಿಂತ ಮುಖ್ಯವಾದ ಉಪಕರಣವಿಲ್ಲ.

ಇಂದು ರಾತ್ರಿ ಒಂದು ಪರೀಕ್ಷೆ ಮಾಡಿ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕಾರು ಸಹಜ ಎತ್ತರಕ್ಕೆ ಬಂದ ಮೇಲೆ ಸಸ್ಪೆನ್ಷನ್ ನಿಯಂತ್ರಕದ ಫ್ಯೂಸ್ ತೆಗೆಯಿರಿ. ಇದನ್ನು ಬಿಟ್ಟರೆ ಪರೀಕ್ಷೆ ದಂಡ. ಕೆಲವು ಕಾರುಗಳು ಬೀಗ ಹಾಕಿದ ಮೇಲೂ ನಡುವೆ ತಾವಾಗಿ ಎಚ್ಚರಗೊಂಡು, ಕುಸಿದ ಮೂಲೆಗೆ ಸರಿಯಾಗಿ ಉಳಿದ ಮೂಲೆಗಳನ್ನೂ ಇಳಿಸುತ್ತವೆ. ಆಗ ಕಳ್ಳ ಯಾರು, ಸಾಕ್ಷಿ ಯಾರು ಎಂಬುದೇ ತಿಳಿಯುವುದಿಲ್ಲ. ನಂತರ ನಾಲ್ಕೂ ಕಡೆ ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿಯ ವ್ಯತ್ಯಾಸವೂ ಅದರಲ್ಲಿ ಸೇರಿಕೊಳ್ಳುತ್ತದೆ.

ಬೆಳಿಗ್ಗೆ ಮತ್ತೆ ಅಳೆಯಿರಿ. ನಾಲ್ಕೂ ಕಡೆ ಎರಡು ಮೂರು ಮಿ.ಮೀ. ಇಳಿದಿದ್ದರೆ ತಲೆಕೆಡಿಸಿಕೊಳ್ಳಬೇಡಿ, ತಂಪಿಗೆ ಗಾಳಿಯ ಒತ್ತಡ ತಗ್ಗುವುದು ಸಹಜ. ಒಂದು ಮೂಲೆ ಇಳಿದು ಇನ್ನೊಂದು ಏರಿದ್ದರೆ ವಾಲ್ವ್ ಬ್ಲಾಕಿನ ಒಳಗೆ ಗಾಳಿ ಒಂದರಿಂದ ಇನ್ನೊಂದಕ್ಕೆ ದಾಟುತ್ತಿದೆ. ಒಂದು ಮಾತ್ರ ಇಳಿದು ಉಳಿದ ಮೂರು ಅಲುಗಾಡದಿದ್ದರೆ ಗಾಳಿ ಆ ಮೂಲೆಯಿಂದಲೇ ಹೊರಗೆ ಹೋಗುತ್ತಿರುವ ಸಾಧ್ಯತೆ ಹೆಚ್ಚು: ಸ್ಟ್ರಟ್, ಅದರ ಕೊಳವೆ, ಇಲ್ಲವೇ ಕೊಳವೆಯ ಜೋಡಣೆ.

ಒಂದು ಎಚ್ಚರಿಕೆ. ಕಾರಿನ ಕೆಳಗೆ ಕೈ ಹಾಕುವ ಮೊದಲು, ಸಸ್ಪೆನ್ಷನ್ ತಾನಾಗಿ ಏರಿಳಿಯದಂತೆ ತಡೆಯುವ ಜ್ಯಾಕ್ ಮೋಡ್ ಹಾಕಿ, ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಗಾಳಿಯ ಮೇಲೆ ನಿಂತ ಕಾರು ಮುನ್ಸೂಚನೆ ಕೊಟ್ಟು ಕೆಳಗಿಳಿಯುವುದಿಲ್ಲ.

ಲೆಕ್ಕದ ಪುಸ್ತಕ

ಎರಡನೇ ಪ್ರಶ್ನೆಗೆ ನನ್ನ ಉತ್ತರ. ಮೂರ್ಖತನವಲ್ಲ, ಆದರೆ ಲೆಕ್ಕ ಬೇಕು. ಇಂಥ ಕಾರಿನ ಬೆಲೆ ಏಳು ವರ್ಷದಲ್ಲಿ ಪಾತಾಳಕ್ಕೆ ಇಳಿದಿರುತ್ತದೆ, ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ. ನೀವು ಕೊಂಡದ್ದು ಅಗ್ಗದ ಕಾರನ್ನಲ್ಲ, ದುಬಾರಿ ಕಾರನ್ನು ಅಗ್ಗಕ್ಕೆ. ಮೂಗಿಗಿಂತ ಮೂಗುತಿ ಭಾರವಾಗುವುದು ಇಲ್ಲಿಯೇ.

ವಾರಂಟಿ ಕೊಂಡಿದ್ದರೂ ಈ ಕೆಲಸಕ್ಕೆ ಹಣ ಬರುತ್ತಿತ್ತೆಂದು ಖಾತ್ರಿಯಿಲ್ಲ. ಮುಖಪುಟದಲ್ಲಿ ಏನು ಸೇರಿದೆ ಎಂದು ಬರೆದಿರುತ್ತಾರೆ, ಓದಬೇಕಾದದ್ದು ಏನು ಸೇರಿಲ್ಲ ಎಂಬ ಒಳಪುಟ. ಸವೆಯುವ ಭಾಗಗಳು ಇಲ್ಲ, ಕೊಳ್ಳುವ ಮೊದಲೇ ಇದ್ದ ದೋಷ ಇಲ್ಲ, ದೋಷ ಹುಡುಕಲು ಹಿಡಿದ ಗಂಟೆಗಳ ಕೂಲಿ ಇಲ್ಲ, ಒಂದು ಸೇವೆ ತಪ್ಪಿದ್ದರೆ ಯಾವುದೂ ಇಲ್ಲ, ಇಂಥ ಷರತ್ತುಗಳು ಅಪರೂಪವಲ್ಲ. ಏರ್ ಸ್ಪ್ರಿಂಗಿನ ರಬ್ಬರ್ ಚೀಲವನ್ನು ಸವೆಯುವ ಭಾಗವೆಂದು ವಾದಿಸುವುದು ಅವರಿಗೆ ಕಷ್ಟವೇನಲ್ಲ.

ನಾನು ಮಾಡುವುದಿಷ್ಟು. ವಾರಂಟಿಗೆ ಕೇಳಿದ ಮೊತ್ತವನ್ನು ತಿಂಗಳುಗಳಿಗೆ ಹಂಚಿ ಬೇರೆ ಖಾತೆಗೆ ಹಾಕುತ್ತೇನೆ, ಕಾರಿನ ಹೊರತು ಬೇರೆ ಯಾವುದಕ್ಕೂ ಅದನ್ನು ಮುಟ್ಟುವುದಿಲ್ಲ. ನಾಳೆಯೇ ಗೇರ್‌ಬಾಕ್ಸ್ ಹೋದರೆ ಸಾಲ ಮಾಡದೆ ಸರಿಪಡಿಸಲು ಆಗುವುದೇ ಎಂದು ಮಾತ್ರ ಕೇಳಿಕೊಳ್ಳಿ. ಆಗುವುದಿಲ್ಲವೆಂದರೆ ಒಳ್ಳೆಯ ವಾರಂಟಿ ಹುಡುಕಿ, ಇಲ್ಲವೇ ಕಾರು ಸುಸ್ಥಿತಿಯಲ್ಲಿರುವಾಗಲೇ ಮಾರಿ. ಈ ಮಾತು ಕೇಳಲು ಹಿತವಾಗಿಲ್ಲವೆಂದು ಗೊತ್ತು.

ಎರಡನೇ ಮಾಲೀಕ

ಅಳೆದೆ. ಒಂಬತ್ತು ಗಂಟೆಗಳ ನಂತರ:

ಮುಂದೆ ಎಡ: 372ರಿಂದ 331 ಮಿ.ಮೀ.
ಮುಂದೆ ಬಲ: 371ರಿಂದ 369
ಹಿಂದೆ ಎಡ: 368ರಿಂದ 367
ಹಿಂದೆ ಬಲ: 369ರಿಂದ 367

ಚಕ್ರ ತೆಗೆದು ಸ್ಟ್ರಟ್‌ಗೆ ಸಾಬೂನು ನೀರು ಸಿಂಪಡಿಸಿದೆ. ಒಂದು ಗುಳ್ಳೆಯೂ ಬರಲಿಲ್ಲ. ಹಾಗಾದರೆ ವಾಲ್ವ್ ಬ್ಲಾಕೇ?

ಹಳೇ ಪಿಸ್ಟನ್

ಬಹುಶಃ ಅಲ್ಲ. ಯಾವ ಮೂಲೆಯೂ ಏರಿಲ್ಲ ನೋಡಿ. ಹುಡುಕಿದ ಜಾಗ ಸಾಲದು, ಅಷ್ಟೇ. ರಬ್ಬರ್ ಚೀಲದ ಬಿರುಕು ಮಡಿಕೆಯಲ್ಲಿ ಅಡಗಿರುತ್ತದೆ. ಕಾರು ಒಂದು ಎತ್ತರದಲ್ಲಿದ್ದಾಗ ಮುಚ್ಚಿಕೊಂಡು ಇನ್ನೊಂದರಲ್ಲಿ ತೆರೆದುಕೊಳ್ಳುತ್ತದೆ. ಅತಿ ಎತ್ತರ, ಅತಿ ತಗ್ಗು ಎರಡರಲ್ಲೂ ನೋಡಿ. ತಗ್ಗಿನಲ್ಲಿ ನೋಡುವಾಗ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ, ಚಕ್ರದ ಸಂದಿಯಿಂದ ಟಾರ್ಚ್ ಹಿಡಿದರೆ ಸಾಕು, ಕೆಳಗೆ ತೂರಬೇಡಿ. ಆಮೇಲೆ ಎಲ್ಲರೂ ಮರೆಯುವ ಜಾಗ: ಸ್ಟ್ರಟ್ಟಿನ ನೆತ್ತಿಯ ಮೇಲೆ ಗಾಳಿಯ ಕೊಳವೆ ಸೇರುವ ಹಿತ್ತಾಳೆ ನಟ್. ಬಾನೆಟ್ ತೆರೆದು ಮೇಲಿನಿಂದ ಅಲ್ಲಿಗೆ ಸಾಬೂನು ನೀರು ಬಿಡಿ. ಐದು ನಿಮಿಷ ಕಾಯಿರಿ, ಸಣ್ಣ ಸೋರಿಕೆ ನಿಧಾನವಾಗಿ ನೊರೆ ಕಟ್ಟುತ್ತದೆ.

ಸುಮ್ಮನೆ ಕುತೂಹಲ: ಎಡ ಸ್ಟ್ರಟ್ಟಿನ ಮೇಲೆ ತಯಾರಿಯ ದಿನಾಂಕ ಅಚ್ಚಾಗಿದೆಯೇ? ಬಲಗಡೆಯದರ ಜೊತೆ ಹೋಲಿಸಿ ನೋಡಿ.

ಎರಡನೇ ಮಾಲೀಕ

ಹಿತ್ತಾಳೆ ನಟ್ಟಿನ ಸುತ್ತ ಗಸಗಸೆಯಷ್ಟು ಸಣ್ಣ ಗುಳ್ಳೆಗಳ ಬಿಳಿ ಉಂಗುರ! ಚೀಲದಲ್ಲಿ ಎರಡೂ ಎತ್ತರದಲ್ಲಿ ಒಂದು ಗುಳ್ಳೆಯೂ ಇಲ್ಲ.

ದಿನಾಂಕದ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತು. ಬಲಗಡೆಯದು ಕಾರಿನಷ್ಟೇ ಹಳೆಯದು, ಎಡಗಡೆಯದು ಐದು ವರ್ಷ ಹೊಸದು. ಹಿಂದಿನ ಮಾಲೀಕರು ಕೊಟ್ಟ ಕಡತ ತಿರುವಿ ಹಾಕಿದೆ, ಎರಡು ವರ್ಷದ ಹಿಂದೆ ಎಡ ಸ್ಟ್ರಟ್ ಬದಲಿಸಿದ ಬಿಲ್ ಇದೆ. ಅದರಲ್ಲಿ ಹೊಸ ನಟ್ಟಿನ ಉಲ್ಲೇಖವೇ ಇಲ್ಲ. ಅಂದರೆ ಎರಡು ವರ್ಷದ ಗಟ್ಟಿ ಸ್ಟ್ರಟ್ಟನ್ನು ಬಿಚ್ಚಿ ಎಸೆಯುವುದರಲ್ಲಿದ್ದೆ.

ಹಳೇ ಪಿಸ್ಟನ್

ಹಳೆಯ ನಟ್ಟನ್ನೇ ಮತ್ತೆ ಬಿಗಿದಿದ್ದಾರೆ. ಅದರೊಳಗಿನ ಹಲ್ಲುಬಳೆ ಕೊಳವೆಯನ್ನು ಒಮ್ಮೆ ಕಚ್ಚಿ ಹಿಡಿದ ಮೇಲೆ ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಹಿತ್ತಾಳೆ ಮುರಿದೀತು. ಗಾಳಿಯನ್ನು ಸ್ಕ್ಯಾನರ್ ಮೂಲಕ ಖಾಲಿ ಮಾಡಿಸಿ, ಕೊಳವೆಯ ತುದಿಯಲ್ಲಿ ಗೀರು ಬಿದ್ದ ಭಾಗವನ್ನು ಹರಿತ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ಹೊಸ ನಟ್ ಹಾಕಿ.

ಕಂಪ್ರೆಸರನ್ನು ಮಾತ್ರ ಸುಮ್ಮನೆ ಬಿಡಬೇಡಿ. ಅದರಲ್ಲಿ ತೇವ ಹೀರುವ ಮಣಿಗಳ ಡಬ್ಬಿಯಿದೆ. ಕಾರು ತಾನಾಗಿ ಇಳಿಯುವಾಗ ಒಣಗಾಳಿ ಆ ಮಣಿಗಳ ಮೂಲಕವೇ ಹೊರಹೋಗಿ ಅವನ್ನು ಮತ್ತೆ ಒಣಗಿಸುತ್ತದೆ. ಸೋರಿಕೆಯಿದ್ದರೆ ಗಾಳಿ ಬೇರೆ ದಾರಿಯಲ್ಲಿ ಹೋಗುತ್ತದೆ, ಮಣಿಗಳಿಗೆ ತೇವ ಬರುವುದು ಮಾತ್ರ ನಿಲ್ಲುವುದಿಲ್ಲ. ಆಮೇಲೆ ಆ ತೇವ ವಾಲ್ವ್ ಬ್ಲಾಕ್ ಸೇರುತ್ತದೆ. ಮಣಿಗಳು ಬಿಡಿಯಾಗಿ ಸಿಗುವ ಕಂಪ್ರೆಸರಾದರೆ ಬದಲಿಸಿ. ಜೊತೆಗೆ ಅದಕ್ಕೆ ವಿದ್ಯುತ್ ಕೊಟ್ಟು ನಿಲ್ಲಿಸುವ ಸ್ವಿಚ್ಚಾದ ರಿಲೇಯನ್ನೂ ಬದಲಿಸಿ. ಹೀಗೆ ಹೊತ್ತುಗೊತ್ತಿಲ್ಲದೆ ದುಡಿದ ರಿಲೇಯ ಸಂಪರ್ಕ ಬಿಂದುಗಳು ಒಂದು ದಿನ ಬೆಸೆದುಕೊಂಡರೆ, ನೀವು ನಿದ್ದೆಯಲ್ಲಿರುವಾಗ ಕಂಪ್ರೆಸರ್ ಓಡಿ ಓಡಿ ಸುಟ್ಟುಹೋಗುತ್ತದೆ.

ಅವಸರದ ಸವಾರ

ನನ್ನ ಹಳೆಯ ಸ್ಟ್ರಟ್‌ಗಳನ್ನು ಗುಜರಿಗೆ ಹಾಕಿ ಬಂದವನು ನಾನು. ನಟ್ ನೋಡಿರಲಿಲ್ಲ. ಇನ್ನು ಮಾತಾಡುವುದಿಲ್ಲ.

ಎರಡನೇ ಮಾಲೀಕ

ಹೊಸ ನಟ್, ಹೊಸ ರಿಲೇ, ಹೊಸ ಮಣಿಗಳು ಆದವು. ಖರ್ಚು ಅಂದಾಜುಪಟ್ಟಿಯ ಐವತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಫ್ಯೂಸ್ ತೆಗೆದು 12 ಗಂಟೆ ನಿಲ್ಲಿಸಿದಾಗ ಎಡಗಡೆ ಇಳಿದದ್ದು 2 ಮಿ.ಮೀ. ಕಂಪ್ರೆಸರ್ ಮತ್ತೆ ಮೌನಿಯಾಗಿದೆ. ಉಳಿದ ಹಣ ಲೆಕ್ಕದ ಪುಸ್ತಕದವರು ಹೇಳಿದಂತೆ ಬೇರೆ ಖಾತೆಗೆ ಹೋಯಿತು. ಆ ಖಾತೆಯಿಂದ ಮೊದಲು ಏನು ಮಾಡಿಸಲಿ?

ಲೆಕ್ಕದ ಪುಸ್ತಕ

ಗೇರ್‌ಬಾಕ್ಸ್ ಆಯಿಲ್. ಅದು "ಜೀವನಪರ್ಯಂತ" ಸಾಕು ಎಂಬ ಕಾರು ತಯಾರಕರ ಮಾತನ್ನು ನಂಬಬೇಡಿ, ಯಾರ ಜೀವನ ಎಂದು ಅವರು ಹೇಳುವುದಿಲ್ಲ. ಅನೇಕ ಕಾರುಗಳಲ್ಲಿರುವ ಎಂಟು ಗೇರಿನ ಆಟೊಮ್ಯಾಟಿಕ್ಕನ್ನು ತಯಾರಿಸುವ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ನಡುವೆ ಆಯಿಲ್ ಬದಲಿಸಲು ಹೇಳುತ್ತದೆ. ನೀವು 80,000ದ ಗೆರೆ ದಾಟಿದ್ದೀರಿ.

ಹಳೇ ಪಿಸ್ಟನ್

ನಂತರ ಎಂಜಿನ್ ತಂಪಾಗಿಸುವ ಶೀತಕದ (ಕೂಲಂಟ್) ಪ್ಲಾಸ್ಟಿಕ್ ಕೊಳವೆಗಳು. ಟರ್ಬೊಗಳು ವಿ ಆಕಾರದ ನಡುವಿನ ಕಣಿವೆಯಲ್ಲಿ ಕುಳಿತ ಎಂಜಿನ್ ನಿಮ್ಮದಾದರೆ ಅಲ್ಲಿನ ಪ್ಲಾಸ್ಟಿಕ್ ಬಿಸಿಗೆ ಹಪ್ಪಳದಂತಾಗಿರುತ್ತದೆ. ಬಹಳ ಹೊತ್ತು ನಿಂತಲ್ಲೇ ಓಡಿಸಿ, ನಂತರ ವೇಗ ಕೊಟ್ಟಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆಯೇ ಎಂದೂ ನೋಡಿ. ಬಂದರೆ, ಆಯಿಲ್ ದಹನಕೋಣೆಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್‌ಗಳ ಮೇಲೆ ಅನುಮಾನ. ಅದು ದೊಡ್ಡ ಕೆಲಸ, ಈಗಲೇ ತಿಳಿದರೆ ಹಣ ಕೂಡಿಡಲು ಸಮಯ ಸಿಗುತ್ತದೆ.

ಮತ್ತೆ, ಬಲ ಸ್ಟ್ರಟ್. ಏಳು ವರ್ಷದ್ದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ತಿಂಗಳಿಗೊಮ್ಮೆ ಅಳತೆಪಟ್ಟಿ ಹಿಡಿಯಿರಿ. ಅದನ್ನು ಬದಲಿಸುವ ದಿನ ನಟ್ಟನ್ನೂ ಹೊಸದಾಗಿ ತರಿಸಿ.