ಬಾಡಿಗೆ ವಾಕಿಟಾಕಿ: ನಮ್ಮ ಸ್ಟಿಕ್ಕರ್ ಎಲ್ಲಿ ಅಂಟಿಸಬೇಕು, ಲೈಸೆನ್ಸ್ ಯಾರ ಹೆಸರಲ್ಲಿ ಇರಬೇಕು?

ಮೈಕ್‌ಸೆಟ್:
ಎಲ್ಲರಿಗೂ ನಮಸ್ಕಾರ. ಕಾರ್ಯಕ್ರಮಗಳಿಗೆ ಮೈಕು, ಲೈಟು ಬಾಡಿಗೆಗೆ ಕೊಡುತ್ತೇನೆ. ಜೊತೆಗೆ ವಾಕಿಟಾಕಿನೂ ಕೊಡೋಣ ಅಂತ 12 ಹಳೇ ಸೆಟ್ ತಗೊಂಡೆ. ಎರಡು ತೊಂದರೆ ಎದುರಾಗಿವೆ.

ಎಲ್ಲ ಸೆಟ್‌ನಲ್ಲೂ ಚಾನೆಲ್ 3 ಇಟ್ಟಿದ್ದೇನೆ. 8 ಸೆಟ್ ತಮ್ಮತಮ್ಮಲ್ಲಿ ಮಾತಾಡುತ್ತವೆ, ಉಳಿದ 4 ಅವಕ್ಕೆ ಕೇಳಿಸುವುದೇ ಇಲ್ಲ. ಇನ್ನೊಂದು, ಮೊದಲ ಬಾಡಿಗೆಯಲ್ಲೇ ಆ ಜಾಗದ ಮ್ಯಾನೇಜರ್ ಸೆಟ್ ತಿರುಗಿಸಿ ನೋಡಿ, "ಇದರ ಅನುಮೋದನೆ ನಂಬರ್ ಎಲ್ಲಿ? ಲೈಸೆನ್ಸ್ ಯಾರದು?" ಅಂತ ಕೇಳಿದರು. ಬ್ಯಾಟರಿ ತೆಗೆದು ತೋರಿಸಿದೆ. ಒಳಗೆ ತಯಾರಕರ ಲೇಬಲ್ ಮೇಲೆ ಅಂಟಿದ್ದದ್ದು ನಮ್ಮದೇ ಫೋನ್ ನಂಬರಿನ ಸ್ಟಿಕ್ಕರ್! ಹೊರಗೆ ಅಂಟಿಸಿದರೆ ಕೈ ಉಜ್ಜಿ ಅಳಿಸಿಹೋಗುತ್ತೆ ಅಂತ ಹುಡುಗ ಒಳಗೆ ಅಂಟಿಸಿದ್ದ.

ಹಳೇ ಆಂಟೆನಾ:
ಚಾನೆಲ್ ನಂಬರ್ ನಂಬಬೇಡಿ, ಅದು ಬರೀ ಗುಂಡಿಯ ಮೇಲಿನ ಅಂಕಿ. ಅಮೆರಿಕದ ಎಫ್‌ಆರ್‌ಎಸ್ ಸೆಟ್‌ನಲ್ಲಿ (ಅಲ್ಲಿನ ಸಾಮಾನ್ಯ ಜನರ ವಾಕಿಟಾಕಿ) ಚಾನೆಲ್ 3 ಅಂದರೆ 462.6125 ಮೆಗಾಹರ್ಟ್ಸ್. ಯುರೋಪಿನಲ್ಲಿ ಅಂಥದ್ದೇ ಪಿಎಂಆರ್446 ಸೆಟ್‌ನಲ್ಲಿ ಅದೇ 3 ಅಂದರೆ 446.03125. ಒಂದು ಈ ಊರಲ್ಲಿ, ಇನ್ನೊಂದು ಆ ಊರಲ್ಲಿ ಕೂತು ಕೂಗಿದ ಹಾಗೆ. ಆ ನಾಲ್ಕರ ಲೇಬಲ್ ಓದಿ ಹೇಳಿ.

ಮೈಕ್‌ಸೆಟ್:
ಸರಿಯಾಗಿ ಹೇಳಿದಿರಿ ಸರ್. ನಾಲ್ಕರ ಮೇಲೂ 446 ಅಂತ ಇದೆ, ಯುರೋಪಿನ ಸಿಇ ಗುರುತೂ ಇದೆ. ಉಳಿದವು ಎಫ್‌ಸಿಸಿ ಐಡಿ (ಅಮೆರಿಕದ ರೇಡಿಯೊ ನಿಯಂತ್ರಕರ ಅನುಮೋದನೆ ನಂಬರ್) ಇರುವವು. ಕೇಬಲ್ ಹಾಕಿ ಕಂಪ್ಯೂಟರಿನಿಂದ ಪ್ರೋಗ್ರಾಂ ಬದಲಾಯಿಸಿ ಎಲ್ಲವನ್ನೂ ಒಂದೇ ಫ್ರೀಕ್ವೆನ್ಸಿಗೆ ತಂದರೆ ಆಯ್ತಲ್ವಾ?

ಹಳೇ ಆಂಟೆನಾ:
ಬೇಡ, ಅದನ್ನು ಮಾತ್ರ ಮಾಡಬೇಡಿ. ಸೆಟ್‌ಗೆ ಅನುಮೋದನೆ ಸಿಕ್ಕಿರುವುದು ಅದರ ಫ್ರೀಕ್ವೆನ್ಸಿ, ಪವರ್, ಆಂಟೆನಾ ಎಲ್ಲ ಸೇರಿಸಿ. ಒಂದನ್ನು ಬದಲಾಯಿಸಿದರೆ ಹಿಂದಿನ ಲೇಬಲ್ ಸುಳ್ಳಾಗುತ್ತೆ.

ಜಾಗ ಬದಲಾದರೆ ಕಾನೂನೂ ಬದಲಾಗುತ್ತೆ. ಯುರೋಪಿನಲ್ಲಿ 446ರ ಸೆಟ್‌ಗೆ ಲೈಸೆನ್ಸ್ ಬೇಡ, ಆದರೆ ಅರ್ಧ ವ್ಯಾಟ್ ಮೀರಬಾರದು, ಆಂಟೆನಾ ಬಿಚ್ಚುವ ಹಾಗಿರಬಾರದು. ಅದೇ 446 ಅಮೆರಿಕದಲ್ಲಿ ಹ್ಯಾಮ್‌ನವರ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊದವರ, ಬ್ಯಾಂಡಿನೊಳಗೆ ಬರುತ್ತೆ. 446.000 ಅಲ್ಲಿನ ಹ್ಯಾಮ್‌ಗಳು ಒಬ್ಬರನ್ನೊಬ್ಬರು ಕರೆಯುವ ಫ್ರೀಕ್ವೆನ್ಸಿ. ಅಲ್ಲಿ ಮದುವೆ ಊಟದ ಲೆಕ್ಕ ಕೂಗಿದರೆ ಅವರು ಸುಮ್ನೆ ಇರ್ತಾರಾ? ಭಾರತದಲ್ಲಿ 446.0ರಿಂದ 446.2ರ ತನಕ 2018ರಿಂದ ಲೈಸೆನ್ಸ್ ಬೇಡ, ಆದರೆ ಸೆಟ್‌ಗೆ ಇಟಿಎ (ಉಪಕರಣದ ಮಾದರಿಗೆ ಸರ್ಕಾರ ಕೊಡುವ) ಅನುಮೋದನೆ ಇರಬೇಕು. ಈ ವಿನಾಯಿತಿ ನಿಮ್ಮ 462ರ ಸೆಟ್‌ಗೆ ಸಿಗುವುದಿಲ್ಲ.

ದೂರದ ದನಿ:
ಮಧ್ಯೆ ಬಾಯಿ ಹಾಕ್ತೀನಿ. "ನಾನು ಮಾರುತ್ತಿಲ್ಲ, ಬಾಡಿಗೆಗೆ ಕೊಡ್ತೀನಿ ಅಷ್ಟೇ" ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಮೆರಿಕದ ನಿಯಮದಲ್ಲಿ ಬಾಡಿಗೆಯೂ ಮಾರಾಟದ ಸಾಲಿನಲ್ಲೇ ಇದೆ. ಅನುಮೋದನೆ ಇಲ್ಲದ ಸೆಟ್ ಬಾಡಿಗೆಗಿದೆ ಅಂತ ಜಾಹೀರಾತು ಹಾಕಿದರೂ ತಪ್ಪೇ.

ಲೈಸೆನ್ಸ್ ವಿಷಯಕ್ಕೆ ಬರೋಣ. ನೀವು ಬಾಡಿಗೆಗೆ ಕೊಡುವುದು ಪೆಟ್ಟಿಗೆ. ಮಾತಾಡುವ ಹಕ್ಕು ಅದರ ಜೊತೆ ತಾನಾಗಿ ಹೋಗುವುದಿಲ್ಲ. ಲೈಸೆನ್ಸ್ ಬೇಕಾದ ಫ್ರೀಕ್ವೆನ್ಸಿಯಾದರೆ ಗಿರಾಕಿಗೆ ಲೈಸೆನ್ಸ್ ಇರಬೇಕು, ಇಲ್ಲವೇ ನಿಮ್ಮ ಲೈಸೆನ್ಸ್‌ನಲ್ಲಿ ಹಾಗೆ ಕೊಡಲು ಅವಕಾಶ ಇರಬೇಕು. ಬ್ರಿಟನ್‌ನಲ್ಲಿ ಸೆಟ್ ಬಾಡಿಗೆಗೆ ಕೊಡುವವರಿಗೆ ಸಪ್ಲೈಯರ್ಸ್ ಲೈಟ್ ಅಂತ ಒಂದು ಲೈಸೆನ್ಸ್ ಇದೆ. ಅಮೆರಿಕದ ಜಿಎಂಆರ್‌ಎಸ್ (ಲೈಸೆನ್ಸ್ ಬೇಕಾದ ಇನ್ನೊಂದು ವಾಕಿಟಾಕಿ ಸೇವೆ) ಲೈಸೆನ್ಸ್ ಒಬ್ಬ ವ್ಯಕ್ತಿಗೂ ಅವರ ಮನೆಯವರಿಗೂ ಮಾತ್ರ. ಅದನ್ನು ತೋರಿಸಿ ಕಂಪನಿಗೆ 20 ಸೆಟ್ ಕೊಡಕ್ಕಾಗಲ್ಲ. ಎಫ್‌ಆರ್‌ಎಸ್‌ಗೆ ಲೈಸೆನ್ಸೇ ಬೇಡ, ವ್ಯಾಪಾರಕ್ಕೂ ಬಳಸಬಹುದು. ಆದರೆ ಅಲ್ಲೂ ಮಿತಿ 2 ವ್ಯಾಟ್, 8ರಿಂದ 14ನೇ ಚಾನೆಲ್‌ಗೆ ಅರ್ಧ ವ್ಯಾಟ್.

ಮೈಕ್‌ಸೆಟ್:
ಮತ್ತೆ ಸ್ಟಿಕ್ಕರ್ ಕತೆ? ಎಳೆದರೆ ಕೆಳಗಿನ ಅಕ್ಷರವೂ ಕಿತ್ತು ಬರುತ್ತಿದೆ.

ಹಳೇ ಆಂಟೆನಾ:
ಉಗುರು ಹಾಕಬೇಡಿ! ಬ್ಯಾಟರಿ ಪಕ್ಕಕ್ಕಿಟ್ಟು, ಕೂದಲು ಒಣಗಿಸುವ ಡ್ರೈಯರ್ ದೂರದಿಂದ ಹಿಡಿಯಿರಿ. ಅಂಟು ಮೆತ್ತಗಾದ ಮೇಲೆ ಒಂದು ಮೂಲೆಯಿಂದ ನಿಧಾನಕ್ಕೆ ಎಬ್ಬಿಸಿ. ತಯಾರಕರ ಲೇಬಲ್ ಮೇಲೆ ಥಿನ್ನರ್ ಹಾಕಬೇಡಿ, ಮಸಿ ಕರಗುತ್ತೆ.

ಮುಂದೆ ನಿಮ್ಮ ಸ್ಟಿಕ್ಕರ್ ಬೆಲ್ಟ್ ಕ್ಲಿಪ್ಪಿನ ಕೆಳಗಿನ ಖಾಲಿ ಜಾಗಕ್ಕೆ ಅಂಟಿಸಿ. ಸೆಟ್‌ಗೂ ಬ್ಯಾಟರಿಗೂ ಒಂದೇ ನಂಬರ್ ಬರೆಯಿರಿ, ವಾಪಸ್ ಬರುವಾಗ ಬ್ಯಾಟರಿಯೇ ಜಾಸ್ತಿ ಅದಲುಬದಲಾಗುವುದು. ತಯಾರಕರ ಹೆಸರು, ಮಾಡೆಲ್, ಸೀರಿಯಲ್ ನಂಬರ್, ಅನುಮೋದನೆ ಗುರುತು ಕಾಣುತ್ತಿರಲಿ. ಲೇಬಲ್ ಪೂರ್ತಿ ಹೋಗಿರುವ ಸೆಟ್‌ಗೆ ನೀವೇ ಪ್ರಿಂಟ್ ಹಾಕಿ ಅಂಟಿಸಬೇಡಿ. ಅದು ನಕಲಿ ಲೇಬಲ್. ತಯಾರಕರನ್ನು ಕೇಳಿ, ಸಿಗದಿದ್ದರೆ ಬಾಡಿಗೆ ಪಟ್ಟಿಯಿಂದ ತೆಗೆಯಿರಿ.

ದೂರದ ದನಿ:
ಎಫ್‌ಸಿಸಿ ಐಡಿಯನ್ನು ಅವರ ವೆಬ್‌ಸೈಟಲ್ಲಿ ಹಾಕಿ ನೋಡಿ. ಯಾವ ಫ್ರೀಕ್ವೆನ್ಸಿಗೆ, ಎಷ್ಟು ಪವರ್‌ಗೆ ಒಪ್ಪಿಗೆ ಅಂತ ಸಿಗುತ್ತೆ. ಬಾಡಿಗೆ ರಸೀದಿಯಲ್ಲೂ ಸೀರಿಯಲ್ ನಂಬರ್, ಯಾವ ಫ್ರೀಕ್ವೆನ್ಸಿ, ಲೈಸೆನ್ಸ್ ಯಾರದು ಅಂತ ಮೂರು ಸಾಲು ಬರೆಯಿರಿ. ಗಿರಾಕಿ ಪ್ರೋಗ್ರಾಂ ಬದಲಾಯಿಸದ ಹಾಗೆ ಲಾಕ್ ಹಾಕಿ.

ಮೈಕ್‌ಸೆಟ್:
ಡ್ರೈಯರ್ ಕೆಲಸ ಮಾಡಿತು. 12ರಲ್ಲಿ 11 ಲೇಬಲ್ ಪೂರ್ತಿ ಓದಬಹುದು. ಒಂದರಲ್ಲಿ ಕೊನೆಯ ಎರಡು ಅಕ್ಷರ ನನ್ನ ಸ್ಟಿಕ್ಕರ್ ಜೊತೆಗೇ ಬಂದುಬಿಟ್ಟವು. ಅದನ್ನು ಎತ್ತಿಟ್ಟಿದ್ದೇನೆ. 446ರ ನಾಲ್ಕಕ್ಕೆ ಬೇರೆ ಪೆಟ್ಟಿಗೆ ಮಾಡಿದೆ, ಎರಡನ್ನೂ ಬೆರೆಸಿ ಕೊಡುವುದಿಲ್ಲ. ಹುಡುಗ ಈಗ ಚಾರ್ಜರ್ ತಳದಲ್ಲೂ ಸ್ಟಿಕ್ಕರ್ ಹಾಕಲಾ ಅಂತ ಕೇಳ್ತಿದ್ದಾನೆ. ಮೊದಲು ಅಲ್ಲಿ ಏನು ಬರೆದಿದೆ ಓದು ಅಂದೆ.